ಕೀಳದೆ ಬಿಟ್ಟ ಚಂದ್ರ

ಅವನು ಜೀವಮಾನದಲ್ಲಿ ಹಾಕಿದ ಚಂದ್ರರನ್ನೆಲ್ಲ ಒಟ್ಟಿಗೆ ಆಕಾಶಕ್ಕೆ ಬಿಟ್ಟಿದ್ದರೆ ರಾತ್ರಿ ಎಂಬುದು ರಾಜೀನಾಮೆ ಕೊಟ್ಟು ಮನೆ ಸೇರಬೇಕಾಗುತ್ತಿತ್ತು, ಕಳ್ಳರೆಲ್ಲ ಹೊಟ್ಟೆಪಾಡಿಗೆ ಬೇರೆ ಕಸುಬು ಕಲಿಯಬೇಕಾಗುತ್ತಿತ್ತು. ಇಪ್ಪತ್ತಾರು ವರ್ಷ, ದಿನಕ್ಕೆ ಕಡಿಮೆಯೆಂದರೂ ಹತ್ತು ಚಂದ್ರ. ಅದಕ್ಕೇ ಅವನನ್ನು ಎಲ್ಲರೂ ಹುಣ್ಣಿಮೆ ಎಂದು ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಯಾವುದೋ ಕಾಗದದ ಮೇಲೆ ಇತ್ತು. ಅಲ್ಲೇ ಹಾಯಾಗಿ ನಿದ್ದೆ ಮಾಡುತ್ತಿತ್ತು.

ಹುಣ್ಣಿಮೆ ಕೆಲಸ ಮಾಡುತ್ತಿದ್ದದ್ದು ಒಂದು ಚಿತ್ರದ ಶೆಡ್ಡಿನಲ್ಲಿ. ತಗಡಿನ ಮಾಡು, ಉದ್ದನೆಯ ಕೋಣೆ, ಎಣ್ಣೆಬಣ್ಣದ ವಾಸನೆ. ಹಲ್ಲಿನ ಡಾಕ್ಟರರ ಕೋಣೆ, ಕ್ಷೌರದ ಅಂಗಡಿ, ವಸತಿಗೃಹ, ಹೀಗೆ ಜನ ಕಾಯುತ್ತ ಕೂರುವ ಜಾಗಗಳಿಗೆಲ್ಲ ಚಿತ್ರ ಹೋಗುತ್ತಿದ್ದದ್ದು ಅಲ್ಲಿಂದಲೇ. ಚಿತ್ರ ಎಂದರೆ ಒಂದೇ ಚಿತ್ರ. ಹುಲ್ಲುಗಾವಲು, ಮೇದು ನಿಂತ ನಾಲ್ಕು ದನ, ಎರಡು ಮರ, ಒಂದು ಕೊಳ, ಆಚೆ ದಡದಲ್ಲಿ ಒಂದು ಗುಡಿಸಲು, ಗುಡಿಸಲಿಗೊಂದು ಕಿಟಕಿ, ಕಿಟಕಿಯಲ್ಲಿ ದೀಪ, ಎಲ್ಲದರ ಮೇಲೂ ಬೆಳದಿಂಗಳು. ಕೊಳ್ಳುವವರು ಬೇರೆ ಏನಾದರೂ ಕೇಳಿದರೆ ಯಜಮಾನರು ಅದೇ ಚಿತ್ರವನ್ನು ಸ್ವಲ್ಪ ದೊಡ್ಡದಾಗಿ ಬರೆಸಿ ಕೊಡುತ್ತಿದ್ದರು.

ಐದು ಜನ ಸಾಲಾಗಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಚಿತ್ರ ಕೈಯಿಂದ ಕೈಗೆ ಸಾಗುತ್ತಿತ್ತು. ಮೊದಲು ಆಕಾಶದವನು. ಆಮೇಲೆ ದನದವನು. ಈ ದನದವನಿಗೆ ಕಾಲು ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ಆ ಹುಲ್ಲುಗಾವಲಿನಲ್ಲಿ ಹುಲ್ಲು ಸದಾ ಮೊಣಕಾಲುದ್ದ; ಇಪ್ಪತ್ತಾರು ವರ್ಷ ಮೇದರೂ ಒಂದಂಗುಲ ಕಡಿಮೆಯಾಗಲಿಲ್ಲ. ಆಮೇಲೆ ಹುಣ್ಣಿಮೆ. ಅವನ ನಂತರ ಮರದವನು, ಅಂದರೆ ಹುಣ್ಣಿಮೆಯ ಬಾಮೈದ; ಬಾಯಿ ಬಿಟ್ಟರೆ ಮುತ್ತು ಉದುರೀತೆಂದು ಬಾಯಿ ಮುಚ್ಚಿಕೊಂಡೇ ಇರುವ ಪೈಕಿ. ಕಡೆಗೆ, ಮರದವನ ಅಕ್ಕ, ಹುಣ್ಣಿಮೆಯ ಹೆಂಡತಿ. ಅವಳದು ಒಂದೇ ಕೆಲಸ: ಗುಡಿಸಲಿನ ಕಿಟಕಿಯಲ್ಲಿ ಹಳದಿ ದೀಪ ಹಚ್ಚುವುದು. ಹೆಸರುಕಾಳಿನಷ್ಟು ಬಣ್ಣ, ಕುಂಚದ ಒಂದೇ ಎಳೆತ, ಬಲದಿಂದ ಎಡಕ್ಕೆ. ಆಮೇಲೆ ಚಿತ್ರವನ್ನು ತಿರುಗಿಸಿ ಬೆನ್ನ ಮೇಲೆ ಪೆನ್ಸಿಲಿನಲ್ಲಿ ನಂಬರು ಬರೆದು ಗೋಡೆಗೆ ಒರಗಿಸುತ್ತಿದ್ದಳು.

ಇನ್ನು ಹುಣ್ಣಿಮೆಯ ಕೆಲಸ. ಕೇಳಿದವರು ನಗಬಾರದು: ಇಪ್ಪತ್ತಾರು ವರ್ಷದಲ್ಲಿ ಅವನು ಒಂದೇ ಒಂದು ಚಂದ್ರನನ್ನೂ ಬರೆದಿರಲಿಲ್ಲ. ಬೆಳಿಗ್ಗೆ ಬಂದವನು ಬಿಳಿಯ ಬಟ್ಟೆಯ ಮೇಲೆ ದುಂಡಗೆ ಕತ್ತರಿಸಿದ ಕಾಗದವೊಂದನ್ನು ಅಂಟಿಸಿಬಿಡುತ್ತಿದ್ದ. ಆಕಾಶದವನು ಅದರ ಮೇಲೆಯೇ ಕಪ್ಪುನೀಲಿ ಬಳಿಯುತ್ತಿದ್ದ. ನಡುವೆ ಚಿತ್ರ ಕೈಗೆ ಬಂದಾಗ ಹುಣ್ಣಿಮೆ ಮೊಂಡು ಚಾಕುವಿನಿಂದ ದನದ ಬೆನ್ನು, ಕೊಳದ ನೀರು, ಹುಲ್ಲಿನ ತುದಿ ಇಲ್ಲೆಲ್ಲ ಹಸಿ ಬಣ್ಣವನ್ನು ಸಣ್ಣಗೆ ಕೆರೆಯುತ್ತಿದ್ದ. ಕೆರೆದಲ್ಲಿ ಅಡಿಯ ಬಿಳಿ ಇಣುಕುತ್ತಿತ್ತು. ಅದೇ ಬೆಳದಿಂಗಳು. "ನಾನು ಬರೆಯೋನಲ್ಲಪ್ಪ, ಬಿಡೋನು," ಎನ್ನುತ್ತಿದ್ದ. "ಪ್ರಪಂಚದಲ್ಲಿ ಏನೂ ಮಾಡದೆ ಇದ್ದದ್ದಕ್ಕೆ ಸಂಬಳ ತಗೊಳ್ಳೋನು ನಾನೊಬ್ಬನೇ. ಮಂತ್ರಿಗಳನ್ನ ಬಿಟ್ಟರೆ."

ಸಂಜೆ ಐದು ಗಂಟೆಗೆ ಶೆಡ್ಡಿನಲ್ಲಿ ಚಂದ್ರೋದಯ. ಗೋಡೆಗೆ ಒರಗಿಸಿದ ಅಂದಿನ ಚಿತ್ರಗಳ ಮುಂದೆ ಹುಣ್ಣಿಮೆ ಕೂತು, ಕಾಗದದ ಅಂಚಿಗೆ ಉಗುರು ಹಾಕಿ, ಒಂದೊಂದನ್ನೇ ಚರ್ರೆಂದು ಕೀಳುತ್ತಿದ್ದ. ಒಂದೊಂದೇ ಚಂದ್ರ ಬೆಳ್ಳಗೆ ಹೊರಬರುತ್ತಿದ್ದ. ಆ ಹೊತ್ತಿಗೆ ಎಲ್ಲರೂ ಕೈ ಒರೆಸಿಕೊಂಡು ನೋಡಲು ನಿಲ್ಲುತ್ತಿದ್ದರು. ದಿನವೂ ನೋಡಿದ್ದೇ, ಆದರೂ ನಿಲ್ಲುತ್ತಿದ್ದರು.

"ಹಗಲಲ್ಲಿ ದನ ಬರೆದ್ರೆ ಅದು ದನ," ಎಂದು ಯಜಮಾನರು ಆಗಾಗ ಪಾಠ ಹೇಳುತ್ತಿದ್ದರು. "ಬೆಳದಿಂಗಳಲ್ಲಿ ಬರೆದ್ರೆ ಅದೇ ನೆಮ್ಮದಿ. ಜನ ದನ ಕೊಳ್ಳಲ್ಲ ಕಣ್ರಪ್ಪಾ, ನೆಮ್ಮದಿ ಕೊಳ್ತಾರೆ."

"ಎಂಥ ನೆಮ್ಮದಿನೋ," ಎಂದು ಹುಣ್ಣಿಮೆಯ ಹೆಂಡತಿ ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, ಹೇಳುತ್ತಿದ್ದಳು. "ಚಂದ್ರ ನೆತ್ತಿ ಮೇಲೆ ಬಂದ್ರೂ ದನ ಮನೆಗೆ ಬಂದಿಲ್ಲ, ಕಾಯೋಕೆ ಹೋದ ಗಂಡಸೂ ಬಂದಿಲ್ಲ. ಒಳಗೆ ಅವಳೊಬ್ಬಳು ದೀಪ ಹಚ್ಕೊಂಡು ಕೂತಿದಾಳೆ. ನಿಮ್ಮ ಬೆಳದಿಂಗಳು ಹೊರಗಿರೋರಿಗೆ. ನನ್ನ ದೀಪ, ಇಲ್ಲೊಬ್ಬಳು ಇನ್ನೂ ಎದ್ದಿದಾಳೆ ಅನ್ನೋಕೆ."

"ಹಾಗಾದ್ರೆ ಆ ಗಂಡಸು ಎಲ್ಲಿ?" ಎಂದು ದನದವನು ಕೇಳುತ್ತಿದ್ದ.

"ಹುಲ್ಲಲ್ಲಿ ಹುಡುಕು. ನಿನ್ನ ದನದ ಕಾಲುಗಳ ಜೊತೆ ಅಲ್ಲೇ ಬಿದ್ದಿರ್ತಾನೆ."

ಶೆಡ್ಡಿನ ತಗಡು ಹಾರಿಹೋಗುವಷ್ಟು ನಗು.

ಆ ದಿನ ಒಂದು ಹೊಸ ವಸತಿಗೃಹಕ್ಕೆ ಹತ್ತೊಂಬತ್ತು ಚಿತ್ರ ಬೇಕಾಗಿತ್ತು, ಹತ್ತೊಂಬತ್ತು ಕೋಣೆಗೆ. ಮರುದಿನ ಬೆಳಿಗ್ಗೆ ಲಾರಿ. ಬೆಳಿಗ್ಗೆ ಎಂಟಕ್ಕೆ ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಹೆಂಡತಿ ಹೇಳಿದಳು: "ರೀ, ಯಾಕೋ ಈ ಕೈ ಭಾರ ಅನ್ನಿಸ್ತಿದೆ."

ಹುಣ್ಣಿಮೆಯ ನಾಲಗೆ ಯಾವತ್ತೂ ಅವನಿಗಿಂತ ಎರಡು ಹೆಜ್ಜೆ ಮುಂದೆ. "ಒಳ್ಳೇದಾಯ್ತು ಬಿಡು," ಎಂದ. "ಕೈ ಭಾರ ಇದ್ರೆ ಕಿಟಕಿ ಗಟ್ಟಿಯಾಗಿ ಕೂರುತ್ತೆ. ಗಾಳಿಗೆ ಹಾರಿಹೋಗಲ್ಲ."

ಅವಳು ನಕ್ಕಳು. ಒಳಗೆ ಹೋದರು. ಸಂಜೆ ನಾಲ್ಕೂವರೆಗೆ, ಹತ್ತೊಂಬತ್ತನೆಯ ಚಿತ್ರದ ಮುಂದೆ, ಅವಳು ಸ್ಟೂಲಿನಿಂದ ಪಕ್ಕಕ್ಕೆ ಜಾರಿ ಬಿದ್ದಳು. ಹುಣ್ಣಿಮೆ ಚಾಕು ಎಸೆದು, ಅವಳನ್ನು ಎತ್ತಿಕೊಂಡು ಬೀದಿಗೆ ಓಡಿದ. ಲಕ್ವ ಹೊಡೆದಿದೆ ಎಂದರು ಡಾಕ್ಟರು; ಮೂರನೆಯ ದಿನ ಆಸ್ಪತ್ರೆಯಲ್ಲಿ ಅವಳು ಹೋದಳು. ನಡುವೆ ಒಂದು ಮಾತೂ ಆಡಲಿಲ್ಲ.

ಅವಳು ಬಿದ್ದ ಆ ಸಂಜೆ ಶೆಡ್ಡಿನಲ್ಲಿ ಚಂದ್ರೋದಯವಾಗಲಿಲ್ಲ. ಯಾರಿಗೂ ಅದು ನೆನಪಾಗಲಿಲ್ಲ. ಮರುದಿನ ಲಾರಿ ಬಂದಾಗ ಬಾಮೈದನೇ ಚಿತ್ರಗಳನ್ನು ಕಟ್ಟಿ ಕಳಿಸಿದ. ಯಜಮಾನರು ಎಣಿಸಿದರು, ಹತ್ತೊಂಬತ್ತು ಇತ್ತು. ಅವರು ಚಿತ್ರ ಎಣಿಸುತ್ತಿದ್ದರೇ ಹೊರತು ನೋಡುತ್ತಿರಲಿಲ್ಲ.

ಆಮೇಲಿನ ಮೂರು ತಿಂಗಳು ಹುಣ್ಣಿಮೆ ಶೆಡ್ಡಿಗೆ ಬಂದು ಹೋಗುತ್ತಿದ್ದ, ಅಷ್ಟೆ. ತಮಾಷೆ ನಿಂತಿತು. ಕಿಟಕಿಯ ದೀಪವನ್ನೂ ಅವನೇ ಹಚ್ಚಬೇಕಾಯಿತು; ಅದು ದೀಪದ ಹಾಗೆ ಕಾಣದೆ ಗುಡಿಸಲಿಗೆ ಹಳದಿ ಕಾಮಾಲೆ ಬಂದ ಹಾಗೆ ಕಾಣುತ್ತಿತ್ತು. ಬಾಮೈದ ಅವನ ಮುಖ ನೋಡುವುದನ್ನೇ ಬಿಟ್ಟಿದ್ದ. ಅಕ್ಕ ಕೈ ಭಾರ ಎಂದದ್ದು, ಭಾವ ತಮಾಷೆ ಮಾಡಿದ್ದು, ಎರಡೂ ಅವನ ಕಿವಿಗೆ ಬಿದ್ದಿದ್ದವು. ಅದಕ್ಕೇ ನನ್ನ ಮೇಲೆ ಸಿಟ್ಟು ಎಂದುಕೊಂಡ ಹುಣ್ಣಿಮೆ. ಸಿಟ್ಟು ನ್ಯಾಯವಾದದ್ದೇ ಎಂದೂ ಅಂದುಕೊಂಡ.

ಅವನ ಎದೆಯೊಳಗೆ ಒಂದು ಪ್ರಶ್ನೆ ಮುಳ್ಳಿನಂತೆ ಮುರಿದು ಕೂತಿತ್ತು. ಆ ಲಕ್ವ ಅವಳಿಗೆ ಸಂಜೆ ಒಮ್ಮೆಲೇ ಬಂದದ್ದೇ? ಹಾಗಿದ್ದರೆ ಯಾರೇನು ಮಾಡುವ ಹಾಗಿತ್ತು? ಅಥವಾ ಬೆಳಗಿನಿಂದಲೇ ಶುರುವಾಗಿತ್ತೇ? ಹಾಗಿದ್ದರೆ ಆರು ಅಡಿ ದೂರದಲ್ಲಿ ಕೂತ ನಾನು ಇಡೀ ದಿನ ಏನು ನೋಡುತ್ತಿದ್ದೆ? ಹಗಲು ರಾತ್ರಿ ಇದೇ. ಉತ್ತರ ಹೇಳಬೇಕಾದವಳು ಇರಲಿಲ್ಲ.

ಹೀಗಿರುವಾಗ ವಸತಿಗೃಹದಿಂದ ದೂರು ಬಂತು. ಯಜಮಾನರು ಫೋನು ಇಟ್ಟು ಹಣೆ ಚಚ್ಚಿಕೊಂಡರು. "ಹುಣ್ಣಿಮೇ, ಚಂದ್ರನೇ ಇಲ್ಲವಂತಲ್ಲೋ! ಬೆಳದಿಂಗಳು ಇದೆ, ಚಂದ್ರ ಎಲ್ಲಿ ಅಂತ ಗಿರಾಕಿಗಳು ಕೇಳ್ತಾರಂತೆ. ಒಬ್ಬ ಮಂಚದಿಂದ ಎದ್ದು ಫ್ರೇಮಿನ ಹಿಂದೆಲ್ಲ ಹುಡುಕಿದನಂತೆ. ಇವತ್ತೇ ಹೋಗಿ ಎಲ್ಲ ಕಿತ್ತು ಬಾ."

ಹುಣ್ಣಿಮೆಗೆ ಆಗ ಹೊಳೆಯಿತು. ಆ ಹತ್ತೊಂಬತ್ತು ಚಿತ್ರಗಳು ಎಂದರೆ ಅವಳ ಕಡೆಯ ದಿನವೇ. ಗಂಟೆಗೆ ಎರಡು ಮೂರರಂತೆ, ಬೆಳಿಗ್ಗೆಯಿಂದ ಸಂಜೆಯವರೆಗೆ, ನಂಬರು ಹಾಕಿ ಇಟ್ಟ ದಿನ. ಕಿಟಕಿಗಳೆಲ್ಲ ನೆಟ್ಟಗಿದ್ದು ಕಡೆಯದೊಂದು ಕೆಟ್ಟಿದ್ದರೆ ಅದು ಸಂಜೆ ಬಂದದ್ದು. ಮೊದಲೇ ಕೆಟ್ಟಿದ್ದರೆ... ಅವನು ಚಾಕು ಮತ್ತು ಒಂದು ಬ್ಲೇಡು ಜೇಬಿಗೆ ಹಾಕಿಕೊಂಡ. ಹೊರಡುವಾಗ ಬಾಮೈದ ಕುಂಚ ಕೆಳಗಿಟ್ಟು ಎದ್ದು ನಿಂತ. ಮೂರು ತಿಂಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟ.

"ಭಾವ, ನಾನು ಹೋಗಿ ಕಿತ್ತು ಬರ್ತೀನಿ. ನೀವಿರಿ."

"ನಿನಗೆ ಮರ ಗೊತ್ತು. ಚಂದ್ರ ಕೀಳೋದು ನಿನಗೆ ಬರಲ್ಲ," ಎಂದು ಹುಣ್ಣಿಮೆ ಹೊರಟೇಬಿಟ್ಟ.

ವಸತಿಗೃಹದ ಉಸ್ತುವಾರಿಗೆ ಒಬ್ಬ ದಪ್ಪನೆಯ ಹೆಂಗಸಿದ್ದಳು. ಸೊಂಟದಲ್ಲಿ ಬೀಗದ ಕೈ ಗೊಂಚಲು. ಅವಳು ನಡೆದರೆ ಎತ್ತಿನ ಗಾಡಿಯೇ ಬಂದಂತೆ ಸದ್ದು. ಮಧ್ಯಾಹ್ನದ ಹೊತ್ತು, ಕೋಣೆಗಳೆಲ್ಲ ಖಾಲಿ.

"ನೀವೇನಾ ಚಂದ್ರನ್ನ ಮರೆತೋರು?" ಎಂದಳು. "ಉಪ್ಪು ಮರೆಯೋರನ್ನ ನೋಡಿದೀನಿ. ಚಂದ್ರನ್ನ ಮರೆತೋರು ನೀವೇ ಮೊದಲು."

"ಮರೆತಿಲ್ಲಮ್ಮ. ಒಳಗೇ ಇದಾನೆ. ತೆಗೆದು ತೋರಿಸ್ತೀನಿ."

"ಹಿಂದೆ ನಂಬರ್ ಬರೆದಿತ್ತಲ್ಲ, ಅದೇ ನಂಬರ್ ರೂಮಿಗೆ ಹಾಕ್ಸಿದೀನಿ. ಒಂದರಿಂದ ಶುರು ಮಾಡಿ."

ಒಂದನೆಯ ಕೋಣೆ. ಹುಣ್ಣಿಮೆ ಚಂದ್ರನ ಕಡೆ ನೋಡಲೇ ಇಲ್ಲ. ಕಣ್ಣು ನೇರ ಗುಡಿಸಲಿಗೆ ಹೋಯಿತು. ಬಲದಿಂದ ಎಡಕ್ಕೆ ಒಂದೇ ಎಳೆತ. ಶುರುವಿನಲ್ಲಿ ದಪ್ಪ, ಕೊನೆಗೆ ತೆಳ್ಳಗೆ. ಅಚ್ಚುಕಟ್ಟು. ಬೆಳಗಿನ ಮೊದಲ ಕಿಟಕಿ. ಹುಣ್ಣಿಮೆ ಉಸಿರು ಬಿಟ್ಟ. ಆಮೇಲೆ ಬ್ಲೇಡಿನಿಂದ ಕಾಗದದ ಸುತ್ತ ಒಣಗಿದ ಬಣ್ಣವನ್ನು ಕೊಯ್ದು, ಉಗುರು ಹಾಕಿ ಎಳೆದ. ಬೆಳ್ಳನೆಯ ಚಂದ್ರ ಬಂದ.

"ಅಯ್ಯಯ್ಯೋ!" ಎಂದಳು ಬೀಗದ ಕೈಯವಳು. "ರೂಮೇ ಬೆಳಗಾಯ್ತಲ್ಲ! ಇನ್ನು ಬಲ್ಬಿನ ಖರ್ಚು ಉಳೀತು."

ಎರಡು, ಮೂರು, ನಾಲ್ಕು. ಕಿಟಕಿಗಳು ಅಚ್ಚಿಗೆ ಹಾಕಿದಂತಿದ್ದವು. ಐದು, ಆರು. ಹುಣ್ಣಿಮೆಯ ಹೆಗಲು ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತ ಬಂತು. ಏಳನೆಯ ಕೋಣೆಯಲ್ಲಿ ಅವನು ಒಂದು ತಮಾಷೆಯನ್ನೂ ಹೇಳಿದ, ಮೂರು ತಿಂಗಳ ಮೇಲೆ. ಚಿತ್ರದ ದನ ಹಾಲು ಕೊಡುತ್ತಿಲ್ಲವೆಂದು ವಾಪಸು ಕಳಿಸಿದ ಗಿರಾಕಿಯ ಕಥೆ. ಬೀಗದ ಕೈಯವಳು ಗೋಡೆ ಹಿಡಿದುಕೊಂಡು ನಕ್ಕಳು. ಎಂಟು, ಒಂಬತ್ತು. ಎಲ್ಲ ನೆಟ್ಟಗೆ. ಹತ್ತರಲ್ಲಿ ಕಿಟಕಿಯ ದೀಪ ಒಂದು ಕೂದಲೆಳೆಯಷ್ಟು ಕೆಳಗೆ ಇಳಿದಿತ್ತು. ಕೂದಲೆಳೆ ತಾನೇ ಎಂದುಕೊಂಡ.

ಹನ್ನೊಂದನೆಯ ಕೋಣೆಯಲ್ಲಿ ಅವನು ನಿಂತೇಬಿಟ್ಟ.

ಕಿಟಕಿ ಚೆನ್ನಾಗಿಯೇ ಇತ್ತು. ಬೇರೆ ಯಾರೇ ನೋಡಿದ್ದರೂ ಮೊದಲಿನವುಗಳಿಗಿಂತ ಚೆನ್ನಾಗಿದೆ ಎನ್ನುತ್ತಿದ್ದರು. ದೀಪ ಸ್ವಲ್ಪ ದೊಡ್ಡದಾಗಿತ್ತು. ಆದರೆ ದಪ್ಪ ತುದಿ ಎಡಕ್ಕಿತ್ತು, ತೆಳ್ಳನೆಯದು ಬಲಕ್ಕೆ. ಇಪ್ಪತ್ತಾರು ವರ್ಷದಲ್ಲಿ ಅವಳು ಒಮ್ಮೆಯೂ ಹಾಗೆ ಎಳೆದಿರಲಿಲ್ಲ. ಹುಣ್ಣಿಮೆ ಚಿತ್ರವನ್ನು ಗೋಡೆಯಿಂದ ಇಳಿಸಿ ತಿರುಗಿಸಿದ. ಬೆನ್ನ ಮೇಲಿನ ನಂಬರು, ಅಕ್ಷರ ಕಲಿಯುವ ಮಗು ಬರೆದಂತೆ, ಎರಡು ಕಡ್ಡಿ, ಎರಡೂ ಎರಡು ದಿಕ್ಕಿಗೆ.

ಎಡಗೈ.

"ಏನಾಯ್ತು? ಹಾಳಾಗಿದೆಯಾ?" ಎಂದಳು ಬೀಗದ ಕೈಯವಳು.

"ಇಲ್ಲಮ್ಮ," ಎಂದ ಹುಣ್ಣಿಮೆ. "ಚೆನ್ನಾಗಿದೆ."

ಅವನು ಮಂಚದ ಅಂಚಿನಲ್ಲಿ ಕೂತ. ಹನ್ನೊಂದು ಎಂದರೆ ಊಟ ಮುಗಿದ ಹೊತ್ತು. ಅಂದು ಊಟಕ್ಕೆ ಕೂತಾಗ ಅವಳು ಡಬ್ಬಿಯನ್ನು ಅವನ ಕಡೆ ತಳ್ಳಿ, ನನಗೆ ಹಸಿವಿಲ್ಲ, ನೀವೇ ತಿನ್ನಿ ಎಂದಿದ್ದಳು. ಅವನು ಎರಡು ಪಾಲೂ ತಿಂದಿದ್ದ. ತಿಂದು, ಇದೇ ಹಾಲು ಕೊಡದ ದನದ ಕಥೆ ಹೇಳಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಅವಳೂ ನಕ್ಕಿದ್ದಳು, ಬಾಯಿಯ ಒಂದೇ ಬದಿಯಿಂದ. ನಗು ತಡೆದುಕೊಳ್ಳುತ್ತಿದ್ದಾಳೆ ಎಂದು ಅವನಿಗೆ ಹೆಮ್ಮೆಯಾಗಿತ್ತು. ಅವಳು ಪೂರಾ ನಗಲಿ ಎಂದು ಇನ್ನೊಂದು ಕಥೆ ಹೇಳಿದ್ದ. ಬಲಗೈ ಮಡಿಲಲ್ಲಿ ಬಿದ್ದಿತ್ತು. ಮಡಿಲಲ್ಲಿ ಕೈ ಇಟ್ಟುಕೊಂಡು ಕೂರುವುದನ್ನು ಯಾರು ತಾನೇ ವಿಚಿತ್ರ ಅನ್ನುತ್ತಾರೆ?

ಹನ್ನೆರಡು. ಹದಿಮೂರು. ಎಡಗೈ, ಎಡಗೈ. ಹದಿನಾಲ್ಕರಲ್ಲಿ ದೀಪ ಕಿಟಕಿಯಿಂದ ಅರ್ಧ ಹೊರಗೆ. ಹದಿನೈದರಲ್ಲಿ ಅದನ್ನು ತಿದ್ದಿ ಮತ್ತೆ ಒಳಗೆ ಕೂರಿಸಿದ್ದಳು. ಪಾಪ, ಎಡಗೈ ಪಾಠ ಕಲಿಯುತ್ತಿತ್ತು. ಹದಿನಾರನೆಯದು ಒಂದನೆಯದರಷ್ಟೇ ನೆಟ್ಟಗಿತ್ತು. ಹುಣ್ಣಿಮೆ ಒಂದೊಂದರ ಮುಂದೂ ನಿಂತು, ಚಂದ್ರನನ್ನು ಕಿತ್ತು, ಮುಂದಿನ ಕೋಣೆಗೆ ಹೋದ. ಅವನ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಬೀಗದ ಕೈಯವಳು ಕೂಡ ಏನನ್ನಿಸಿತೋ, ಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಈ ಕಡೆ ರೂಮುಗಳ ದೀಪ ನನಗೆ ಇಷ್ಟ," ಎಂದಳು ಹದಿನೆಂಟರಲ್ಲಿ. "ಯಾರೋ ಬತ್ತಿ ಏರಿಸ್ತಾ ಇರೋ ಹಾಗಿದೆ. ಯಾರು ಹಾಕಿದ್ದು?"

"ಮನೆಯವಳು."

"ಕೈ ಚೆನ್ನಾಗಿದೆ."

"ಹೌದು," ಎಂದ ಹುಣ್ಣಿಮೆ. "ಎರಡೂ ಕೈ."

ಹತ್ತೊಂಬತ್ತನೆಯದಕ್ಕೆ ಬೆನ್ನ ಮೇಲೆ ನಂಬರಿರಲಿಲ್ಲ. ಉಳಿದದ್ದನ್ನು ಉಳಿದ ಕೋಣೆಗೆ ಹಾಕಿದ್ದರು. ಅಲ್ಲಿ ಕಿಟಕಿಯಲ್ಲಿ ದೀಪವಿತ್ತು, ಕಿಟಕಿಯ ಕೆಳಗೆ ಒಂದು ಪೊದೆ ಇತ್ತು. ಶೆಡ್ಡಿನ ಚಿತ್ರದಲ್ಲಿ ಆ ಜಾಗದಲ್ಲಿ ಪೊದೆ ಎಂಬುದೇ ಇಲ್ಲ. ಅದು ಬಾಮೈದನ ಕೈ ಎಂದು ಎಲೆಯೇ ಹೇಳುತ್ತಿತ್ತು. ಆದರೆ ಪೊದೆಯ ತುಂಬ ಸಣ್ಣ ಸಣ್ಣ ಬಿಳಿ ಹೂ. ಬೆಳದಿಂಗಳಲ್ಲಿ ಹೂವು ಯಾವನಿಗೆ ಕಾಣುತ್ತೆ ಎಂದು ಯಜಮಾನರ ಜೊತೆಗೂ ಜಗಳವಾಡಿ, ಇಪ್ಪತ್ತಾರು ವರ್ಷ ಒಂದು ಹೂವನ್ನೂ ಬರೆಯದ ಪ್ರಾಣಿ ಅವನು.

ಹುಣ್ಣಿಮೆ ಹೆಬ್ಬೆರಳಿನಿಂದ ಪೊದೆಯನ್ನು ಸವರಿದ. ಬಣ್ಣದ ಅಡಿಯಲ್ಲಿ ಇನ್ನೊಂದು ಬಣ್ಣದ ಉಬ್ಬುಗೆರೆ ಕೈಗೆ ತಾಗಿತು. ಕಿಟಕಿಯಿಂದ ಹೊರಟು, ಓರೆಯಾಗಿ ಕೆಳಗಿಳಿದು, ಹುಲ್ಲನ್ನು ದಾಟಿ, ಚಿತ್ರದ ಅಂಚಿನವರೆಗೂ ಅದು ಹೋಗಿತ್ತು. ಅವಳು ಬೀಳುವಾಗ ಕುಂಚ ಎಳೆದುಕೊಂಡು ಹೋದ ದಾರಿ. ಕಟ್ಟಕಡೆಯಲ್ಲಿ, ಪೊದೆ ಮುಗಿದ ಮೇಲೆ, ಸಾಸಿವೆಕಾಳಿನಷ್ಟು ಹಳದಿ ಇನ್ನೂ ಉಳಿದಿತ್ತು.

ಜೇಬಿನಲ್ಲಿ ಮೊಂಡು ಚಾಕು ಇತ್ತು. ಮೇಲಿನದನ್ನು ಕೆರೆದು ಅಡಿಯಲ್ಲಿರುವುದನ್ನು ತೋರಿಸುವುದು ಬಿಟ್ಟರೆ ಜೀವನದಲ್ಲಿ ಅವನಿಗೆ ಬೇರೆ ವಿದ್ಯೆ ತಿಳಿಯದು. ಚಾಕು ತೆಗೆದು ಪೊದೆಯ ಮೇಲೆ ಇಟ್ಟ. ಆದರೆ ಹಸಿಯ ಮೇಲೆ ಹಸಿ ಬಳಿದು ಎರಡೂ ಒಂದಾಗಿ ಒಣಗಿದ್ದವು. ಕೆರೆದರೆ ಹಸಿರು ಬರುತ್ತದೆ, ಹಸಿರಿನ ಜೊತೆ ಹಳದಿಯೂ ಬರುತ್ತದೆ, ಕಡೆಗೆ ಬರೀ ಬಿಳಿ ಉಳಿಯುತ್ತದೆ. ಬಿಳಿ ಅವನಲ್ಲಿ ಬೇಕಾದಷ್ಟಿತ್ತು. ಚಾಕುವನ್ನು ಜೇಬಿಗೆ ಹಾಕಿಕೊಂಡ.

"ಇದಕ್ಕೆ ಚಂದ್ರ ಕೀಳಲ್ವಾ?"

"ಇದರಲ್ಲಿ ಇಲ್ಲಮ್ಮ."

"ಮತ್ತೆ ಬೆಳದಿಂಗಳು ಬಿದ್ದಿದೆಯಲ್ರೀ ದನದ ಮೇಲೆ?"

"ನಿನ್ನೆ ರಾತ್ರೀದು," ಎಂದ ಹುಣ್ಣಿಮೆ. "ಸ್ವಲ್ಪ ಉಳಿದಿದೆ."

ಬೀಗದ ಕೈಯವಳು ಅವನ ಮುಖ ನೋಡಿದಳು. ಆಮೇಲೆ, ಅವನು ಚಾಕು ತೆಗೆಯುವಾಗ ಜೇಬಿನಿಂದ ನೆಲಕ್ಕೆ ಬಿದ್ದಿದ್ದ ಬ್ಲೇಡನ್ನು ಎತ್ತಿ ಕಾಗದದಲ್ಲಿ ಸುತ್ತಿ ಕೊಟ್ಟಳು.

ಅವನು ಶೆಡ್ಡಿಗೆ ವಾಪಸು ಬಂದಾಗ ಐದಾಗಿತ್ತು. ಆಕಾಶದವನೂ ದನದವನೂ ಕೈ ತೊಳೆಯಲು ಹೋಗಿದ್ದರು. ಬಾಮೈದ ಒಬ್ಬನೇ, ಒಣಗಿದ ಕುಂಚ ಹಿಡಿದು, ಬಾಗಿಲ ಕಡೆಯೇ ಮುಖ ಮಾಡಿ ಕೂತಿದ್ದ.

"ನೋಡಿದ್ರಾ?" ಎಂದ.

"ನೋಡಿದೆ."

"ಹನ್ನೊಂದರಿಂದಾನಾ?"

"ಹನ್ನೊಂದರಿಂದ. ನಿನಗೆ ಗೊತ್ತಿತ್ತು."

"ಕಟ್ಟುವಾಗ ನಂಬರ್ ನೋಡಿದೆ ಭಾವ."

"ಮೂರು ತಿಂಗಳಾಯ್ತಲ್ಲೋ! ಒಂದು ಮಾತು ಹೇಳಬಾರದಿತ್ತಾ? ನಾನು ಆರು ಅಡಿ ದೂರದಲ್ಲಿ ಕೂತು ದನದ ಕಥೆ ಹೇಳ್ತಿದ್ದೆ ಅಂತ, ನನ್ನ ಮುಖಕ್ಕೆ ಉಗೀಬಾರದಿತ್ತಾ?"

"ಏನಂತ ಉಗೀಲಿ?" ಎಂದ ಬಾಮೈದ. "ನೀವು ಆರು ಅಡಿ. ನಾನು ಪಕ್ಕದ ಸ್ಟೂಲು. ಮೂರು ಅಡಿ. ಒಂದೊಂದು ಚಿತ್ರಾನೂ ನಾನೇ ಅವಳ ಕೈಗೆ ಕೊಟ್ಟಿದ್ದು. ಯಾವ ಕೈ ಚಾಚಿದಳು ಅಂತ ನಾನೂ ನೋಡಲಿಲ್ಲ ಭಾವ. ನಿಮ್ಮ ಕಥೆಗೆ ನಗ್ತಾ ಇದ್ದೆ."

ತಗಡಿನ ಮೇಲೆ ಯಾವುದೋ ಹಕ್ಕಿ ಓಡಾಡಿದ ಸದ್ದು. ಏನಾದರೂ ಹೇಳಬೇಕೆಂದು ಹುಣ್ಣಿಮೆಯ ನಾಲಗೆಗೆ ಅನ್ನಿಸಿತು; ಜೀವಮಾನದಲ್ಲಿ ಮೊದಲ ಸಲ ಅದು ಅವನಿಗಿಂತ ಎರಡು ಹೆಜ್ಜೆ ಹಿಂದೆ ಉಳಿಯಿತು.

"ಹೂ ಚೆನ್ನಾಗಿ ಬರೆದಿದೀಯ," ಎಂದ ಕಡೆಗೆ.

ಬಾಮೈದ ತೋಳಿನಿಂದ ಮುಖ ಮುಚ್ಚಿಕೊಂಡ.

ಹುಣ್ಣಿಮೆ ತನ್ನ ಜಾಗಕ್ಕೆ ಹೋಗಲಿಲ್ಲ. ಕಡೆಯ ಸ್ಟೂಲಿನ ಮೇಲೆ ಕೂತ, ಮೂರು ತಿಂಗಳಿಂದ ಯಾರೂ ಕೂರದಿದ್ದ ಸ್ಟೂಲು. ಕಿಟಕಿಗೆ ದೀಪವಿಲ್ಲದ ಚಿತ್ರವೊಂದು ಮುಂದಿತ್ತು. ಅವಳ ಕುಂಚ ತೆಗೆದು, ತುದಿಗೆ ಹಳದಿ ಮುಟ್ಟಿಸಿ, ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡ. ಎಡಗೈಯಲ್ಲಿ ಕುಂಚ ಹಿಡಿದು ಕಿಟಕಿಯ ಹತ್ತಿರ ಒಯ್ದ. ಹೆಸರುಕಾಳಿನಷ್ಟಿರಬೇಕಾದದ್ದು ಹರಿದು ಗೋಡೆಗೆಲ್ಲ ಹತ್ತಿತು.

"ಸೊಟ್ಟ ಆಯ್ತು ಭಾವ," ಎಂದ ಬಾಮೈದ, ಹಿಂದೆ ಬಂದು ನಿಂತು.

"ಆಗುತ್ತೆ," ಎಂದ ಹುಣ್ಣಿಮೆ. "ಅವಳು ಇಂಥ ಒಂಬತ್ತು ಹಾಕಿದಾಳೆ ಕಣೋ."

ಒರೆಸಿ, ಮತ್ತೆ ಶುರು ಮಾಡಿದ. ಗೋಡೆಗೆ ಒರಗಿದ್ದ ಅಂದಿನ ಚಿತ್ರಗಳಲ್ಲಿ ಚಂದ್ರರೆಲ್ಲ ಇನ್ನೂ ಕಾಗದದ ಅಡಿಯಲ್ಲೇ ಇದ್ದರು.